ಬಾಗಿಲ ಕಂಡಿಯನ್ನು ಒಮ್ಮೆಯೂ ಬಳಸದ ಪಿಸಾನಾ ಅವರಿಗೆ

ಮಾನ್ಯರೇ,

ಬಾಲ್ಕನ್ ಬೆಟ್ಟಗಳ ತಪ್ಪಲಿನ ದ್ರ್ಯಾನೊವೊ ಊರಿನ ಖಾಯಂ ನಿವಾಸಿಯೂ, ರೈಲ್ವೆಯ ನಿವೃತ್ತ ಟಿಕೆಟ್ ಗುಮಾಸ್ತನೂ, ತಮಗೆ ದಿನಕ್ಕೆರಡು ಸಲ ಮೀನು ಬಡಿಸುವ ಸೇವಕನೂ ಆದ ಮಿಂಕೊ ದೆಚೆವ್ ಎಂಬ ನಾನು ತಮ್ಮ ನಾಲ್ಕೂ ಪಾದಗಳಿಗೆ ವಂದಿಸುತ್ತೇನೆ. ತಾವು ಮಲಗಿರುವ ಭಂಗಿಯನ್ನು ಬದಲಿಸುವ ಶ್ರಮ ತೆಗೆದುಕೊಳ್ಳದೆ, ಒಂದು ಕಿವಿಯನ್ನಷ್ಟೇ ಇತ್ತ ತಿರುಗಿಸಿ ಈ ಅಹವಾಲನ್ನು ಆಲಿಸಬೇಕಾಗಿ ಕೋರುತ್ತೇನೆ. ಇದರ ಇನ್ನೊಂದು ಪ್ರತಿಯನ್ನು ರೊಟ್ಟಿ ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ. ಊರಿನವರು ಈ ವಿಷಯದಲ್ಲಿ ಇಲ್ಲಿಯವರೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆಯೇ ಹೊರತು, ನಡೆದದ್ದೇನೆಂದು ಕೇಳುವ ಸೌಜನ್ಯವನ್ನು ಯಾರೂ ತೋರಿಲ್ಲ.

ಕಳೆದ ಜೂನ್ ತಿಂಗಳಲ್ಲಿ ನನ್ನ ಹೆಂಡತಿ ಜ್ದ್ರಾವ್ಕಾ ಚೆರ್ರಿ ಕೀಳಲು ಏಣಿ ಹತ್ತಿ, ಚೆರ್ರಿಗಿಂತ ಮೊದಲು ತಾನೇ ಕೆಳಗೆ ಬಂದು ಸೊಂಟದ ಮೂಳೆ ಮುರಿದುಕೊಂಡಳೆಂಬುದು ತಮಗೆ ನೆನಪಿರಬಹುದು, ಏಕೆಂದರೆ ಅಂದು ತಮ್ಮ ಮಧ್ಯಾಹ್ನದ ಊಟ ತಡವಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಬಹಳ ನೇರವಾಗಿ ಹೇಳಿದರು: 'ಇನ್ನೊಂದು ಸಲ ಬಿದ್ರೆ ಆಮೇಲೆ ನಡೆಯೋ ಮಾತು ಬಿಟ್ಟುಬಿಡಿ ಅಮ್ಮ. ಸುಮ್ಮಸುಮ್ಮನೆ ಎದ್ದು ಓಡಾಡಬೇಡಿ.' ಈ ಸೂಚನೆ ತಮ್ಮ ಕಿವಿಗೆ ತಲುಪಿರಲಿಲ್ಲವೆಂದು ಕಾಣುತ್ತದೆ. ಹೊರಗೆ ಹೋಗಬೇಕೆಂದು ಬಾಗಿಲು ಕೆರೆಯುವುದು, ತೆರೆದ ಮೇಲೆ ಹೊಸ್ತಿಲ ಮೇಲೆ ನಿಂತು ದೇಶದ ಹವಾಮಾನವನ್ನು ದೀರ್ಘವಾಗಿ ಪರಿಶೀಲಿಸುವುದು, ಹೋಗುವುದಿಲ್ಲವೆಂದು ತೀರ್ಮಾನಿಸಿ ಒಳಬರುವುದು, ಬಾಗಿಲು ಮುಚ್ಚಿದ ಕೂಡಲೇ ಆ ತೀರ್ಮಾನವನ್ನು ಪುನರ್ ಪರಿಶೀಲಿಸುವುದು, ಈ ಕಾರ್ಯಕ್ರಮವನ್ನು ತಾವು ದಿನಕ್ಕೆ ಇಪ್ಪತ್ತು ಸಲ ನಡೆಸಿಕೊಟ್ಟಿರಿ. ನಾನು ತೆರೆದರೆ ತಮಗೆ ಒಪ್ಪಿಗೆಯಾಗುತ್ತಿರಲಿಲ್ಲ. ಅವಳೇ ಊರುಗೋಲು ಹಿಡಿದು, ಹಲ್ಲು ಕಚ್ಚಿಕೊಂಡು ಎದ್ದು ಬರಬೇಕು. ಒಂದು ದಿನ ನಾನು ಸಂತೆಯಿಂದ ಬರುವಷ್ಟರಲ್ಲಿ ಅವಳು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೂ ಹೋಗಲಾಗದೆ ಮುಂದಕ್ಕೂ ಬರಲಾಗದೆ ನಿಂತಿದ್ದಳು, ಬೆವರು ಸುರಿಯುತ್ತಿತ್ತು. ತಾವು ಅವಳ ಕಾಲ ಬಳಿ ಕೂತು ಮುಖ ತೊಳೆದುಕೊಳ್ಳುತ್ತಿದ್ದಿರಿ.

ಅಂದೇ ನಾನು ಬಾಗಿಲಿಗೆ, ತಾವೇ ನುಸುಳಿ ಹೋಗಿಬರುವಂಥ, ಬೆಕ್ಕಿನ ಕಂಡಿ ಇಡುವ ನಿರ್ಧಾರ ಮಾಡಿದೆ. ಆಗಸ್ಟ್‌ನಲ್ಲಿ ಅವಳು ಆರೈಕೆಗಾಗಿ ಹತ್ತು ದಿನ ಬಿಸಿನೀರಿನ ಬುಗ್ಗೆಯ ಊರಿಗೆ ಹೋದಳು. ಅವಳು ಮರಳುವುದರೊಳಗೆ ಮುಗಿಸಿ, ಕೊಂಚ ಹೊಗಳಿಸಿಕೊಳ್ಳಬೇಕೆಂಬುದು ನನ್ನ ಆಸೆಯಾಗಿತ್ತು.

ಆದರೆ ಅದು ಅಂಥಿಂಥ ಬಾಗಿಲಲ್ಲ. ನನ್ನ ಮಾವ, ಬಡಗಿ ವೆಲ್ಚೊ ಅವರು ತಮ್ಮ ಅಂಗಳದ ಆಕ್ರೋಟು ಮರವನ್ನೇ ಕೊಯ್ಸಿ, ನಾಲ್ಕು ವರ್ಷ ಒಣಗಿಸಿ, ಒಂದೇ ಒಂದು ಮೊಳೆ ಹೊಡೆಯದೆ ಜೋಡಿಸಿದ ಬಾಗಿಲು. ಆರು ವರ್ಷದ ಹಿಂದೆ ಅವರು ತೀರಿಕೊಂಡಾಗ ಮನೆ ಮಗಳಿಗೆ ಬಂತು. ಪಕ್ಕದ ಅಂಗಳದಲ್ಲಿದ್ದ ಮರಗೆಲಸದ ಕಾರ್ಖಾನೆ ಮತ್ತು ಹತ್ಯಾರಗಳು ಮಗ ಒಗ್ನ್ಯಾನನಿಗೆ ಹೋದವು. ಅವನೂ ಬಡಗಿಯೇ. ಸಾವಿನ ನಲವತ್ತನೆಯ ದಿನದ ತಿಥಿಯೂಟದಲ್ಲಿ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿ ಇನ್ನೂ ತಟ್ಟೆಯಲ್ಲಿರುವಾಗಲೇ, ಅಪ್ಪನ ಬಾಗಿಲನ್ನು ತನ್ನ ಮನೆಗೆ ಕೊಡಬೇಕೆಂದು ಅವನು ಕೇಳಿದ. 'ಬಾಗಿಲೊಂದೇ ಯಾಕೆ, ಮನೇನೇ ಹೊತ್ಕೊಂಡು ಹೋಗು' ಎಂದಳು ಜ್ದ್ರಾವ್ಕಾ. 'ಇನ್ನು ನಿನ್ನ ಹೊಸ್ತಿಲು ತುಳಿದ್ರೆ ನನ್ನ ಕಾಲು ಮುರೀಲಿ' ಎಂದ ಅವನು. 'ನಿನ್ನ ಹೊಸ್ತಿಲು ತುಳಿದ್ರೆ ನಂದೂ ಮುರೀಲಿ' ಎಂದಳು ಇವಳು. ಅಲ್ಲಿಗೆ ಅಕ್ಕ ತಮ್ಮನ ಮಾತು ನಿಂತಿತು. ಮನೆಯ ಶಾಂತಿಗಾಗಿ ನಾನೂ ನಿಲ್ಲಿಸಿದೆ. ಎರಡು ಅಂಗಳದ ನಡುವೆ ಎದೆಮಟ್ಟದ ಒಂದು ಗೋಡೆಯಿತ್ತು, ಅಷ್ಟೆ. ಅವರಿಬ್ಬರೂ ತಮ್ಮ ತಮ್ಮ ಹಟವನ್ನು ಚೆನ್ನಾಗಿ ಸಾಕಿಕೊಂಡರು. ಪ್ರತಿ ಭಾನುವಾರ ಒಗ್ನ್ಯಾನನ ಜೊತೆ ಪಗಡೆಯಾಡುತ್ತಿದ್ದ ನಾನು ಮಾತ್ರ ಆರು ವರ್ಷ ಒಬ್ಬನೇ ಎರಡೂ ಕಡೆಯ ಕಾಯಿ ನಡೆಸಿ, ಬಹುತೇಕ ಸೋಲುತ್ತ ಬಂದೆ.

ಇನ್ನು ಕಾಮಗಾರಿಯ ವಿಷಯ. ಆ ಮಂಗಳವಾರ ಬೆಳಗ್ಗೆ ತಾವು ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಮೇಲ್ವಿಚಾರಣೆ ವಹಿಸಿಕೊಂಡಿದ್ದಿರಿ. ತಮ್ಮ ಅಳತೆ ತೆಗೆಯಲು ಟೇಪು ಹಿಡಿದು ಬಂದಾಗ ತಾವು ಬೆನ್ನನ್ನು ಕಮಾನಿನಂತೆ ಎತ್ತಿ, ಬಾಲವನ್ನು ಬಾಟಲಿ ತೊಳೆಯುವ ಬ್ರಷ್ಷಿನಂತೆ ಉಬ್ಬಿಸಿ ನಿಂತಿರಿ. ಅದೇ ತಮ್ಮ ಸಹಜ ಗಾತ್ರವೆಂದು ನಂಬಿ ಬರೆದುಕೊಂಡೆ. ಬಾಗಿಲ ಮೇಲೆ ಮಾವನವರ ಭಾವಚಿತ್ರವಿರುವ ಪುಣ್ಯತಿಥಿಯ ಕಾಗದ ಅಂಟಿಸಿತ್ತು, ನಮ್ಮ ಕಡೆ ಸಾವಾದ ಎಲ್ಲರ ಮನೆಯ ಬಾಗಿಲ ಮೇಲೂ ಇರುವಂತೆ. ಸತ್ತವರ ಮುಖದೆದುರು ಗರಗಸ ಹಿಡಿಯುವುದು ಸರಿಯಲ್ಲವೆಂದು ಅದನ್ನು ಭಕ್ತಿಯಿಂದ ಬಿಡಿಸಿ ಒಳಗಿಟ್ಟೆ. ಬಾಗಿಲನ್ನು ಕಳಚಿ, ಅಂಗಳಕ್ಕೆ ಎಳೆದು ತಂದು ಎರಡು ಕುರ್ಚಿಗಳ ಮೇಲೆ ಮಲಗಿಸಿ, ಒಂದು ಲೋಟ ಕಾಫಿ ಕುಡಿದು ಬಂದೆ. ಬರುವಾಗ ಇನ್ನೊಂದು ಕಡೆಯಿಂದ ಬಂದೆನೆಂಬುದು ಆಮೇಲೆ ಗೊತ್ತಾಯಿತು. ಮಾವನವರ ಕೆಲಸ ಎಷ್ಟು ಅಚ್ಚುಕಟ್ಟೆಂದರೆ ಆ ಬಾಗಿಲಿನ ತಲೆ ಯಾವುದು ಬುಡ ಯಾವುದು ಎಂದು, ಮುಖ ತೋರಿಸುತ್ತಿದ್ದ ಆ ಕಾಗದವೊಂದನ್ನು ಬಿಟ್ಟರೆ, ಬೇರೆ ಗುರುತಿರಲಿಲ್ಲ.

ಎರಡು ಗಂಟೆ ಕೊರೆದೆ. ಕೊನೆಯ ಚೂರು ಕೆಳಗೆ ಬಿದ್ದ ಸದ್ದಿನ ಜೊತೆಗೇ ಗೋಡೆಯಾಚೆಯಿಂದ ಆರು ವರ್ಷ ಕೇಳದ ಒಂದು ದನಿ ಕೇಳಿಸಿತು.

'ಭಾವ! ಅದು ಬಾಗಿಲಿನ ತಲೆ ಕಡೆ!'

ಒಗ್ನ್ಯಾನ ಗೋಡೆಯ ಮೇಲೆ ಎರಡೂ ಮೊಣಕೈ ಊರಿ ನಿಂತಿದ್ದ.

'ಪೆನ್ಸಿಲ್ ಗೀಟು ಹಾಕಿದಾಗ್ಲೇ ಗೊತ್ತಾಯ್ತು ನಂಗೆ. ಎರಡು ಗಂಟೆಯಿಂದ ಇಲ್ಲೇ ನಿಂತಿದ್ದೀನಿ.'

'ಹಾಗಾದ್ರೆ ಆಗ್ಲೇ ಬಾಯಿ ಬಿಡೋಕೆ ಏನು ಬಂದಿತ್ತೋ ನಿಂಗೆ?'

'ಮಾತು ಬಿಟ್ಟಿದ್ದೀವಲ್ಲ, ಭಾವ!'

ಗೋಡೆ ಹಾರಿ ಬಂದ. ತಂದೆಯ ಆಕ್ರೋಟು ಹಲಗೆಯನ್ನು ನಾನು ಕಡಿದು ಹಾಕಿದ್ದ ಅಂಚಿನ ಮೇಲೆ ಹೆಬ್ಬೆರಳಾಡಿಸಿದ. ಬೈಗುಳ ಈಗ ಬಂತು, ಇನ್ನೇನು ಬಂತು ಎಂದು ತಲೆ ತಗ್ಗಿಸಿ ಕಾದೆ. ಬರಲಿಲ್ಲ. 'ಯಾರಿಗೆ ಇದು?' ಎಂದ. ಬೆಕ್ಕಿಗೆ ಎಂದೆ, ಅದಕ್ಕಾಗಿ ಎದ್ದು ಬಾಗಿಲು ತೆರೆಯುವುದು ಅವಳ ಕೈಲಿ ಆಗುತ್ತಿಲ್ಲ ಎಂದೆ. ಅವನು ಅಂಚಿನ ಮರದ ಪುಡಿಯನ್ನು ಒರೆಸುತ್ತ, 'ಅಕ್ಕನ ಸೊಂಟ ಅಷ್ಟು ಕೆಟ್ಟೋಗಿದ್ಯಾ? ಯಾರೂ ಹೇಳ್ಲೇ ಇಲ್ವಲ್ಲ ನಂಗೆ' ಎಂದ. ಹೇಳಬೇಕಾದವನು ನಾನೇ ಆಗಿದ್ದರಿಂದ ನಾನು ತಮ್ಮ ಕಡೆ ನೋಡಿದೆ. ತಾವು ಎದ್ದು ಹೋದಿರಿ.

ಇಬ್ಬರೂ ಸೇರಿ ಬಾಗಿಲನ್ನು ಮತ್ತೆ ನಿಲ್ಲಿಸಿದೆವು. ಕಂಡಿ ನೆಲದಿಂದ ಒಂದು ಗೇಣು ಎತ್ತರದಲ್ಲಿರಬೇಕಾಗಿದ್ದದ್ದು, ಸರಿಯಾಗಿ ನನ್ನ ಮೂಗಿನ ಎತ್ತರಕ್ಕೆ ಬಂತು. ಅಂಗಡಿಯಿಂದ ತಂದಿದ್ದ ಪ್ಲಾಸ್ಟಿಕ್ ಕದವನ್ನು ಕೂರಿಸಲು ಹೋದರೆ ಅದು ಆರಾಮಾಗಿ ಆಚೆಗೆ ದಾಟಿ ಅಂಗಳಕ್ಕೆ ಬಿತ್ತು. ತಮಗಾಗಿ ಕೊರೆದ ಆ ಕಂಡಿಯ ಮೂಲಕ ಹಾದುಹೋದ ಮೊದಲ ಪ್ರಾಣಿ ಅದೇ. ಕಡೆಗೆ ಅಡುಗೆಮನೆಯ ಮೇಜಿನ ಮೇಣಬಟ್ಟೆಯಿಂದ ಒಂದು ತುಂಡು ಕತ್ತರಿಸಿ ಪರದೆಯಂತೆ ಇಳಿಬಿಟ್ಟೆ. ಮೇಣಬಟ್ಟೆಯ ತುಂಬ ಸ್ಟ್ರಾಬೆರಿ ಚಿತ್ರ.

ಜ್ದ್ರಾವ್ಕಾ ಶನಿವಾರ ಬಂದಳು. ಮೆಟ್ಟಿಲ ಕೆಳಗೆ ನಿಂತು ಬಾಗಿಲನ್ನು, ಸ್ಟ್ರಾಬೆರಿಯನ್ನು, ಆಮೇಲೆ ನನ್ನನ್ನು ನೋಡಿದಳು. ಕೊನೆಗೆ ಕೇಳಿದಳು: 'ಬೆಕ್ಕಿಗೆ ಏಣಿ ಇಡ್ತೀಯಾ, ಇಲ್ಲಾ ನೀನೇ ಎತ್ತಿ ಎಸೀತೀಯಾ?'

ಮರುದಿನ ಬೆಳಗ್ಗೆ ಏಳು ಗಂಟೆಗೆ ಅವಳು ಕಾಫಿ ಕಾಯಿಸುತ್ತಿದ್ದಾಗ ಮೇಣಬಟ್ಟೆ ಅಲುಗಿತು. ಅದರಡಿಯಿಂದ ಒಂದು ಹಣೆ, ಎರಡು ಹುಬ್ಬು, ಒಂದು ಮೀಸೆ, ಹೀಗೆ ಕ್ರಮವಾಗಿ ನನ್ನ ಭಾವಮೈದ ಕುತ್ತಿಗೆಯವರೆಗೆ ಮನೆಯೊಳಗೆ ಬಂದ.

'ಅಕ್ಕ, ಸೊಂಟ ಹೇಗಿದೆ?'

ಅವಳು ತಿರುಗಿ ನೋಡಲಿಲ್ಲ. 'ಹೊಸ್ತಿಲು ತುಳಿಯಲ್ಲ ಅಂದಿದ್ದೆ.'

'ತುಳಿದಿಲ್ವಲ್ಲ. ಕಾಲು ಹೊರಗೇ ಇದೆ, ಬೇಕಾದ್ರೆ ಬಾಗಿಲು ತೆಗೆದು ನೋಡು.'

'ತೆಗೆದ್ರೆ ನಿನ್ನ ತಲೆ ಬಾಗಿಲ ಜೊತೆಗೇ ಬರತ್ತೆ ಕಣೋ, ಮಂಕೇ.'

ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವಳು ಅದನ್ನು ಒರೆಸಲೂ ಇಲ್ಲ. 'ಸಕ್ಕರೆ ಎಷ್ಟು?' ಎಂದಳು.

'ಆರು ವರ್ಷಕ್ಕೆ ಮರೆತೇ ಹೋಯ್ತಾ?'

'ಮರೆತಿಲ್ಲ. ವಯಸ್ಸಾಯ್ತಲ್ಲ, ಕಮ್ಮಿ ಮಾಡಿದ್ದೀಯೇನೋ ಅಂತ ಕೇಳಿದೆ.'

ನಾನು ಈರುಳ್ಳಿ ಹೆಚ್ಚುವ ನೆಪದಲ್ಲಿ ಒಳಕೋಣೆಗೆ ಹೋದೆ. ಅಲ್ಲಿ ಈರುಳ್ಳಿ ಇರಲಿಲ್ಲ.

ಮಾನ್ಯರೇ, ಇಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ತಾವು ಭಾವಿಸಿದ್ದರೆ ನನ್ನ ದೂರು ಈಗಷ್ಟೇ ಶುರುವಾಗುತ್ತದೆಂದು ತಿಳಿಸಲು ವಿಷಾದಿಸುತ್ತೇನೆ. ಅಂದಿನಿಂದ ಪ್ರತಿ ಬೆಳಗ್ಗೆ ಏಳು ಗಂಟೆಗೆ ನನ್ನ ಮನೆಯ ಕೋಟಿನ ಗೂಟಗಳ ಸಾಲಿನಲ್ಲಿ ಒಂದು ತಲೆ ಇರುತ್ತದೆ. ಅದಕ್ಕೆ ಕಾಫಿ ಕುಡಿಸಬೇಕು, ಮೊಸರಿನ ಜೊತೆ ಬಿಸಿ ಬಾನಿತ್ಸಾ ಎಂಬ ಚೀಸ್ ಕಡುಬು ತಿನ್ನಿಸಬೇಕು, ಮೀಸೆಗೆ ಅಂಟಿದ ಚೀಸಿನ ಚೂರನ್ನು ಒರೆಸಬೇಕು, ಏಕೆಂದರೆ ಕೈಗಳು ಆಚೆ ಇವೆ. ಪಗಡೆಯಲ್ಲಿ ಅವನ ದಾಳವನ್ನೂ ನಾನೇ ಹಾಕಬೇಕು. ಹಾಕಿದ ಮೇಲೆ ಮೋಸಗಾರನೆನ್ನಿಸಿಕೊಳ್ಳಬೇಕು. ನಮ್ಮ ಬಲ್ಗೇರಿಯಾದಲ್ಲಿ ಹೌದೆನ್ನಲು ತಲೆಯನ್ನು ಅಡ್ಡಡ್ಡ, ಇಲ್ಲವೆನ್ನಲು ಮೇಲೆ ಕೆಳಗೆ ಆಡಿಸುವುದು ಪದ್ಧತಿಯಷ್ಟೆ. ಆ ಕಂಡಿಯಲ್ಲಿ ಅಡ್ಡ ಆಡಿಸಲು ಜಾಗವಿಲ್ಲದ್ದರಿಂದ, ಅವನು ನನ್ನ ಯಾವ ಮಾತಿಗೂ ಹೌದೆನ್ನದೆ ಮೇಲಕ್ಕೂ ಕೆಳಕ್ಕೂ ತಲೆದೂಗಿ ಎಲ್ಲವನ್ನೂ ನಿರಾಕರಿಸುತ್ತಾನೆ. ವಿದ್ಯುತ್ ಮೀಟರ್ ಓದಲು ಬಂದಿದ್ದ ಹೆಂಗಸು ಹೊರಡುವಾಗ, ಗೂಟಗಳ ಸಾಲಿನ ಕೊನೆಯ ಟೊಪ್ಪಿಗೆಯೆಂದು ತಾನು ತಿಳಿದದ್ದು 'ಹೋಗಿ ಬನ್ನಿ' ಎಂದದ್ದನ್ನು ಕೇಳಿ, ಮೀಟರಿನ ಪುಸ್ತಕವನ್ನೂ ಒಂದು ಚಪ್ಪಲಿಯನ್ನೂ ನಮ್ಮಲ್ಲೇ ಬಿಟ್ಟು ಓಡಿದಳು.

ತಮ್ಮ ಹಕ್ಕಿಗೇನೂ ಚ್ಯುತಿ ಬಂದಿಲ್ಲವೆಂಬುದನ್ನೂ ದಾಖಲಿಸುತ್ತೇನೆ. ಸೆಪ್ಟೆಂಬರಿನಲ್ಲಿ ಒಗ್ನ್ಯಾನ ಮೆಟ್ಟಿಲ ಮೇಲೆ ಬೋರಲು ಮಲಗಿ, ಹೊಸ್ತಿಲ ಈಚೆಗೆ ಒಂದು ಬೆರಳನ್ನೂ ಇಡದೆ, ತಂದೆಯ ಉಳಿಯಿಂದ ಬಾಗಿಲಿನ ಬುಡದಲ್ಲಿ ಎರಡನೆಯ ಕಂಡಿ ಕೊರೆದ. ಆಕ್ರೋಟಿನದೇ ಪುಟ್ಟ ಕದ, ಸದ್ದಿಲ್ಲದ ತಿರುಗಣಿ, ಅಂಚಿಗೆ ದ್ರಾಕ್ಷಿ ಬಳ್ಳಿಯ ಕೆತ್ತನೆ. ಊರಿನ ಮೇಯರ್ ಮನೆಗೂ ಅಂಥ ಬಾಗಿಲಿಲ್ಲ. ತಾವು ಬಂದಿರಿ, ಮೂಸಿದಿರಿ, ಒಂದು ಪಂಜದಿಂದ ಕದವನ್ನು ತಳ್ಳಿ ಅದು ತಾನಾಗಿ ಮರಳುವುದನ್ನು ಮೆಚ್ಚಿಕೊಂಡಿರಿ, ಆನಂತರ ಅಡುಗೆಮನೆಯ ಕಿಟಕಿಯಿಂದ ಹೊರಟು ಹೋದಿರಿ. ಆ ಕಿಟಕಿ ವರ್ಷವಿಡೀ ತೆರೆದೇ ಇತ್ತು ಎಂಬ ಸಂಗತಿಯನ್ನು ಜ್ದ್ರಾವ್ಕಾಳೂ ನಾನೂ ಅಂದು ಒಟ್ಟಿಗೆ ಗಮನಿಸಿದೆವು.

ಅಕ್ಟೋಬರಿನಲ್ಲಿ ತಾವು ಮೂರು ದಿನ ಕಾಣೆಯಾದಿರಿ. ಆ ಮೂರು ದಿನ ನನ್ನ ಹೆಂಡತಿ ಊಟ ಬಿಟ್ಟಳೆಂಬುದನ್ನು ತಮಗೆ ತಿಳಿಸಬಾರದೆಂದಿದ್ದೆ, ತಮ್ಮ ಅಹಂಕಾರ ಈಗಾಗಲೇ ಸಾಕಷ್ಟಿದೆ. ನಾಲ್ಕನೆಯ ಬೆಳಗ್ಗೆ ತಲೆ ಬಂತು, ನಿತ್ಯಕ್ಕಿಂತ ಕೆಂಪಗೆ.

'ಅಕ್ಕ, ನಿನ್ನ ಬೆಕ್ಕು ಅಪ್ಪನ ಹತ್ಯಾರದ ಪೆಟ್ಟಿಗೇಲಿ ಮರಿ ಹಾಕಿದೆ. ನಾಲ್ಕು. ನಂಗೆ ಉಳಿ ಮುಟ್ಟೋಕೆ ಬಿಡ್ತಿಲ್ಲ, ಕೈಯೆಲ್ಲ ಪರಚಿಟ್ಟಿದೆ.'

ಜ್ದ್ರಾವ್ಕಾ ಊರುಗೋಲು ತೆಗೆದುಕೊಂಡಳು. ಒಗ್ನ್ಯಾನ ತಲೆ ಹಿಂದಕ್ಕೆ ತೆಗೆದುಕೊಳ್ಳುವವರೆಗೆ ಕಾದು ಬಾಗಿಲು ತೆರೆದಳು, ಮೆಟ್ಟಿಲು ಇಳಿದಳು, ಬೀದಿಗೆ ಹೋಗಿ ಅವನ ಗೇಟಿನಿಂದ ಒಳಹೊಕ್ಕಳು. ಕಾರ್ಖಾನೆಯ ಹೊಸ್ತಿಲ ಬಳಿ ಒಂದು ಕ್ಷಣ ನಿಂತಳು. ನಾನೂ ಒಗ್ನ್ಯಾನನೂ ಹಿಂದೆ ನಿಂತು ಅವಳ ಕಾಲನ್ನೇ ನೋಡುತ್ತಿದ್ದೆವು.

'ಏನು ನೋಡ್ತೀರಿ ಇಬ್ಬರೂ?' ಎಂದಳು. 'ಮುರಿಯೋದೆಲ್ಲ ಜೂನ್‌ನಲ್ಲೇ ಮುರಿದಾಯ್ತು.' ಒಳಗೆ ಹೋದಳು.

ತಾವು ಪೆಟ್ಟಿಗೆಯಲ್ಲಿ, ಮಾವನವರ ಹಳೆಯ ಚರ್ಮದ ಮುಂಬಟ್ಟೆಯ ಮೇಲೆ, ನಾಲ್ಕು ಮರಿಗಳಿಗೆ ಹಾಲೂಡುತ್ತ ಮಲಗಿದ್ದಿರಿ. ಅವಳು ಕೈ ಚಾಚಿದಾಗ ತಾವು ಪರಚಲಿಲ್ಲ. ಒಗ್ನ್ಯಾನ ಅವಳಿಗೆ ಕುರ್ಚಿ ತಂದ. ಅದನ್ನು ತಾನು ಆಗಸ್ಟಿನಲ್ಲೇ ಮಾಡಿಟ್ಟಿದ್ದೆನೆಂದೂ, ಸೊಂಟ ನೋಯುವವರಿಗೆಂದು ಎತ್ತರ ಜಾಸ್ತಿ ಇಟ್ಟಿದ್ದೇನೆಂದೂ ಗೋಡೆಯ ಕಡೆ ನೋಡುತ್ತ ಹೇಳಿದ. ಅವರಿಬ್ಬರೂ ಅಂದು ಮಧ್ಯಾಹ್ನದವರೆಗೆ ಅಲ್ಲಿಂದ ಕದಲಲಿಲ್ಲ. ನನ್ನನ್ನು ಊಟಕ್ಕೆ ಯಾರೂ ಕರೆಯಲೂ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ, ಎರಡರಲ್ಲಿ ಯಾವುದಾದರೊಂದು ಕಂಡಿಯ ಮೂಲಕ, ಜೀವಮಾನದಲ್ಲಿ ಒಂದು ಸಲ ತಾವು ಹಾದುಹೋಗಬೇಕು. ಮೇಲಿನ ಕಂಡಿ ತಮ್ಮ ಲಿಖಿತ ಆದೇಶದಂತೆಯೇ ಆ ಎತ್ತರದಲ್ಲಿ ಕೊರೆಯಲ್ಪಟ್ಟಿತೆಂದು ರೊಟ್ಟಿ ಅಂಗಡಿಯಲ್ಲಿ ಹೇಳಿಕೆ ನೀಡಬೇಕು. ಮತ್ತು, ಬಾಗಿಲು ಅಗಲವಾಗಿ ತೆರೆದಿದ್ದರೂ ಅಭ್ಯಾಸಬಲದಿಂದ ಈಗಲೂ ಕಂಡಿಯಲ್ಲೇ ತಲೆ ತೂರಿಸುವ ನನ್ನ ಭಾವಮೈದನಿಗೆ ಬಾಗಿಲಿನ ಉಪಯೋಗವನ್ನು ತಾವೇ ಕಲಿಸಬೇಕು; ನಾನು ಹೇಳಿದರೆ ಅವನು ತಲೆದೂಗುತ್ತಾನೆ.

ತಮ್ಮ ವಿಶ್ವಾಸಿ, ಎಂದರೆ ತಮ್ಮ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲದ,
ಮಿಂಕೊ ದೆಚೆವ್

ಮರೆತ ಮಾತು: ನಾಲ್ಕು ಮರಿಗಳಲ್ಲಿ ಮೂರು ಹಳದಿ. ನಮ್ಮ ಬೀದಿಯಲ್ಲಿ ಹಳದಿ ಗಂಡುಬೆಕ್ಕು ಇರುವುದು ಪಾದ್ರಿಗಳ ಮನೆಯಲ್ಲಿ ಮಾತ್ರ. ಅದಕ್ಕೂ ಒಂದು ಪತ್ರ ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿ ಬಂದಿದ್ದೇನೆ. ಅದರಲ್ಲಿ ಇಷ್ಟು ವಿನಯವಿಲ್ಲ.