ಕೂಸು ಅಳುತ್ತದೋ ಇಲ್ಲವೋ

ಮನೆಮನೆಗೆ ಹೋಗಿ ಕೂಸುಗಳ ಸ್ವಭಾವ ಬರೆದುಕೊಳ್ಳುವುದು ನನ್ನ ನೌಕರಿ. ಎಷ್ಟು ಅಳುತ್ತದೆ, ಎಷ್ಟು ತಡೆದುಕೊಳ್ಳುತ್ತದೆ, ಯಾರ ಕೈಗೆ ಹೋದರೆ ಸುಮ್ಮನಾಗುತ್ತದೆ ಎಂದೆಲ್ಲ ಫಾರ್ಮು ತುಂಬಬೇಕು. ಇಂಥ ಕೆಲಸ ಹಿಡಿದವಳು ನಗೆಪಾಟಲಾಗದೆ ಒಂದು ವಾರವೂ ಮುಗಿಯುವುದಿಲ್ಲ. ಇದಕ್ಕಾಗಿ ಗೋಕಾಕದಲ್ಲಿ ಕೋಣೆ ಹಿಡಿದು, ಒಂದೂವರೆ ವರ್ಷದ ಮಗಳನ್ನು ಬೆಲ್ಲದ ಬಾಗೇವಾಡಿಯಲ್ಲಿ ಅವ್ವನ ಹತ್ತಿರ ಬಿಟ್ಟಿದ್ದೇನೆ. ಊರವರ ಕೂಸುಗಳನ್ನು ದಿನವೆಲ್ಲ ನೋಡುತ್ತೇನೆ, ನನ್ನದನ್ನು ರವಿವಾರ ಮಾತ್ರ.

೧. ಎಲ್ಲರೂ ರಾಕ್ಷಸರೇ

ಕಲ್ಲೋಳಿಯಲ್ಲಿ ಏಳು ತಿಂಗಳ ಕೂಸೊಂದು ನನ್ನ ತೊಡೆಯ ಮೇಲೆ ಅರ್ಧ ತಾಸು ನಗುತ್ತ ಕೂತಿತ್ತು. ಇದರ ಸ್ವಭಾವ ಹೇಗೆ ಎಂದು ತಾಯಿಯನ್ನು ಕೇಳಿದೆ.

"ಭಾಳ ಕೆಟ್ಟ ಐತ್ರಿ. ಖರೇನ ರಾಕ್ಷಸ," ಎಂದಳು.

ಕೂಸು ಆಕೆಯನ್ನು ನೋಡಿ ಇನ್ನಷ್ಟು ನಕ್ಕಿತು. ಹೊಗಳಿದರೆ ದೃಷ್ಟಿಯಾಗುತ್ತದೆಂಬ ಭಯ, ಅಷ್ಟೇ. ಬಾಜೂ ಮನೆಯವರದ್ದೂ ಅದೇ ಉತ್ತರ, ಆಚೆ ಓಣಿಯದ್ದೂ ಅದೇ. ಬೇರೆ ಕಡೆಯಿಂದ ಬಂದ ನಮ್ಮ ಸಾಹೇಬರು ಫಾರ್ಮುಗಳನ್ನು ತಿರುವಿ ಹಾಕಿ, ಮೊದಲು ಆ ಊರಿನ ನೀರು ಪರೀಕ್ಷೆ ಮಾಡಿಸಿ ಎಂದರು. ನನ್ನ ಮಗಳ ಬಗ್ಗೆ ಯಾರಾದರೂ ಕೇಳಿದರೆ ನಾನೂ ಭಾಳ ಹಟಮಾರಿ ಅನ್ನುತ್ತೇನೆ. ಹಟ ಮಾಡುತ್ತಾಳೋ ಇಲ್ಲವೋ, ನನಗೇ ಸರಿಯಾಗಿ ಗೊತ್ತಿಲ್ಲ.

೨. ಕರದಂಟಿನ ಕಾವಲು

ತುಕ್ಕಾನಟ್ಟಿಯ ಕುರಿಗಾರರ ಮನೆ. ಮೂರು ವರ್ಷದ ಹುಡುಗಿಯ ಮುಂದೆ ತಾಟಿನಲ್ಲಿ ಕರದಂಟಿನ ತುಂಡಿಟ್ಟು, ನಾನು ಹೇಳುವ ತನಕ ತಿನ್ನಬಾರದು ಎಂದೆ. ಎಷ್ಟು ಹೊತ್ತು ತಡೆಯುತ್ತಾಳೆ ಎಂಬುದೇ ಪರೀಕ್ಷೆ. ಹುಡುಗಿ ಕೈ ಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತ ಕೂತಳು. ನಾಲ್ಕು ನಿಮಿಷವಾಯಿತು. ಭೇಷ್ ಎಂದು ಬರೆದು ತಲೆ ಎತ್ತಿದರೆ ತಾಟು ಖಾಲಿ. ಬಾಜೂ ಕೂತಿದ್ದ ಅಜ್ಜನ ದವಡೆ ಆಡುತ್ತಿತ್ತು.

"ಎಷ್ಟೊತ್ತಂತ ತಡಕೋಬೇಕ್ರಿ ಅಕ್ಕಾರ, ವಾಸನಿ ಬಡಿಯಾಕತ್ತೈತಿ," ಎಂದ.

ಹುಡುಗಿ ಅಳಲಿಲ್ಲ. ಎದ್ದು ಹೋಗಿ ಅಜ್ಜನಿಗೆ ಕುಡಿಯಲು ನೀರು ತಂದುಕೊಟ್ಟಳು.

೩. ಎರಡು ನಿಮಿಷ

ಇನ್ನೊಂದು ಪರೀಕ್ಷೆಯಲ್ಲಿ ತಾಯಿ ಎರಡು ನಿಮಿಷ ಹೊರಗೆ ಹೋಗಬೇಕು. ಕೂಸುಗಳು ಮನೆ ಹಾರಿಹೋಗುವಂತೆ ಅಳುತ್ತವೆ. ಆ ತಾಯಂದಿರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನದೂ ಒಮ್ಮೆ ನನಗಾಗಿ ಅಳಲಿ ಎಂಬ ಆಸೆಗೆ ಒಂದು ರವಿವಾರ ನಮ್ಮ ಮನೆಯಲ್ಲೇ ಪರೀಕ್ಷೆ ಇಟ್ಟೆ. ಅತ್ತರೆ ಈ ಸಲ ಗೋಕಾಕಕ್ಕೆ ಕರೆದುಕೊಂಡೇ ಹೋಗುವುದೆಂದು ಮನಸ್ಸು ಗಟ್ಟಿ ಮಾಡಿದ್ದೆ.

ಮಗಳು ಅವ್ವನ ತೊಡೆಯ ಮೇಲಿದ್ದಳು. ನಾನೆದ್ದು ಬಾಗಿಲತ್ತ ನಡೆದೆ. ಆಕೆ ಸರ್ರನೆ ಇಳಿದು ನನ್ನ ಕಡೆ ಓಡಿ ಬಂದಳು. ಕಾಲು ಹಿಡಿಯುತ್ತಾಳೆ ಎಂದು ನಾನು ಬಗ್ಗಿ ಕೈ ಚಾಚಿದೆ. ಆಕೆ ನನ್ನನ್ನು ದಾಟಿ ಮೂಲೆಗೆ ಹೋಗಿ, ನನ್ನ ಚಪ್ಪಲಿಗಳನ್ನು ಎತ್ತಿ ತಂದು ಕಾಲ ಮುಂದಿಟ್ಟಳು. ಬ್ಯಾಗನ್ನೂ ದರದರ ಎಳೆದು ತಂದಳು. ಆಮೇಲೆ ಟಾಟಾ ಮಾಡಿದಳು. ಆಕೆಗೆ ಗೊತ್ತಿರುವ ತಾಯಿ ಎಂದರೆ ಬಸ್ಸಿಗೆ ಹೋಗುವಾಕೆ.

ನಾನು ಹೊಸ್ತಿಲ ಮೇಲೆ ಕೂತು ಗಳಗಳ ಅತ್ತುಬಿಟ್ಟೆ. ಮಗಳು ಗಾಬರಿಯಾಗಿ, ಅಜ್ಜಿ ತನಗೆ ಮಾಡುವಂತೆಯೇ ನನ್ನ ಬೆನ್ನು ತಟ್ಟತೊಡಗಿದಳು. ಅವ್ವ ಫಾರ್ಮನ್ನು ನನ್ನತ್ತ ದೂಡಿದಳು.

"ಬರಕೋ. ಕೂಸು ಶಾಂತ ಐತಿ. ತಾಯಿಗೇ ಎರಡ ನಿಮಿಷ ತಡಕೊಳ್ಳಾಕ ಆಗಲಿಲ್ಲ."

ಆ ದಿನ ನಾನು ಬಸ್ಸಿಗೆ ಹೋಗಲಿಲ್ಲ. ಚಪ್ಪಲಿಗಳನ್ನು ಮತ್ತೆ ಮೂಲೆಗಿಟ್ಟೆ. ಮಗಳು ಮತ್ತೆ ತಂದು ಕಾಲ ಮುಂದಿಟ್ಟಳು.