ಜಮಖಾನೆ ಹಾಸಿದ ಭಾನುವಾರ

ನನಗೆ ಒಳ್ಳೆಯ ಅಭಿರುಚಿ ಇದೆ ಎಂಬುದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ. ಐವತ್ತೆರಡು ವರ್ಷ ಕಾದೆ, ಬೇರೆ ಯಾರೂ ಹೇಳಲಿಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಾರದು ಎನ್ನುತ್ತಾರೆ, ಸರಿ. ಆದರೆ ಬೇರೆಯವರ ಕೈ ಅಷ್ಟು ದೂರ ಬಾರದೇ ಹೋದರೆ ಮನುಷ್ಯ ಏನು ಮಾಡಬೇಕು? ಪುಣೆಯ ಭೋಸರಿಯ ಒಂದು ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ತಪಾಸಣೆ ಮಾಡುವುದು ನನ್ನ ಉದ್ಯೋಗ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿದು ಹಿಂದಕ್ಕೆ ಕಳಿಸುತ್ತೇನೆ. ಇಂಥ ಕಣ್ಣು ಸಂಜೆ ಕಾರ್ಖಾನೆಯ ಗೇಟು ದಾಟಿದ ಕೂಡಲೇ ಮುಚ್ಚಿಕೊಳ್ಳುವುದಿಲ್ಲ. ನೆಂಟರ ಮನೆಗೆ ಹೋದಾಗ ಗೋಡೆಯ ಮೇಲಿನ ಚಿತ್ರ ಎರಡು ನೂಲು ಓರೆಯಾಗಿ ಕಂಡರೆ ಎದ್ದು ನೆಟ್ಟಗೆ ಮಾಡಿಯೇ ಕೂರುತ್ತೇನೆ. ಈಚೆಗೆ ನೆಂಟರು ಕರೆಯುವುದು ಕಡಿಮೆಯಾಗಿದೆ, ಅದು ಬೇರೆ ಮಾತು.

ವಿಮಾನ ನಗರದ ನಮ್ಮ ಫ್ಲಾಟನ್ನು ಅಲಂಕರಿಸಿದ್ದು ನನ್ನ ಹೆಂಡತಿ ಸುಮಿತ್ರಾ. ಬಿಳಿ ಗೋಡೆ, ಬೂದು ಬಣ್ಣದ ದೊಡ್ಡ ಸೋಫಾ, ಎಂದೂ ಹೂ ಬಿಡದ ಒಂದು ಗಿಡ, ನಡುವೆ ಉದ್ದ ಕೂದಲಿನ ಒಂದು ರಗ್ಗು. ಆ ರಗ್ಗಿನೊಳಗೆ ನಾವು ಇದುವರೆಗೆ ಎರಡು ಚಮಚ, ಒಂದು ಕಿವಿಯೋಲೆ ಮತ್ತು ನನ್ನ ರಕ್ತದೊತ್ತಡದ ಮಾತ್ರೆಗಳನ್ನು ಕಳೆದುಕೊಂಡಿದ್ದೇವೆ. ಮನೆ ಚೆನ್ನಾಗಿಲ್ಲ ಎಂದಲ್ಲ. ಆದರೆ ನೋಡಿದರೆ ಯಾರ ಮನೆಯೆಂದು ತಿಳಿಯುತ್ತಿರಲಿಲ್ಲ. ಒಮ್ಮೆ ಲಿಫ್ಟಿನಿಂದ ತಪ್ಪಿ ಕೆಳಗಿನ ಮಹಡಿಯಲ್ಲಿ ಇಳಿದು, ತೆರೆದಿದ್ದ ಬಾಗಿಲಿನಿಂದ ಒಳಗೆ ಹೋಗಿ, ಸೋಫಾದ ಮೇಲೆ ಕೂತು ಚಹಾ ಕೇಳಿದ್ದೆ. ಆ ಮನೆಯವರು ಸಭ್ಯರು, ಚಹಾ ಕೊಟ್ಟರು.

ಇಂಥ ಮನೆಗೆ ಕಳೆದ ತಿಂಗಳು ಗದಗಿನಿಂದ ಗೋಣಿಚೀಲದಲ್ಲಿ ಹೊಲಿದ ಒಂದು ಗಂಟು ಬಂತು. ಕಳಿಸಿದವರು ಅಂಬಕ್ಕತ್ತೆ, ನನ್ನ ತಂದೆಯ ಅಕ್ಕ. ತಾಯಿ ತೀರಿಕೊಂಡ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದವರು. ಗಂಟಿನಲ್ಲಿದ್ದದ್ದು ನವಲಗುಂದದ ಜಮಖಾನೆ, ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ, ಕೆಂಪು ನೆಲದ ಮೇಲೆ ಹಳದಿ ಪಟ್ಟೆ, ಅಂಚಿಗೆ ಸಾಲು ನವಿಲು. ಜೊತೆಗೆ ದೀಪ ಹಚ್ಚುವ ಒಂದು ಹಿತ್ತಾಳೆಯ ಸಮೆ, ಒಂದು ಸಾಗವಾನಿ ಮಣೆ, ಮತ್ತು ಅತ್ತೆಯ ಹತ್ತೊಂಬತ್ತರ ವಯಸ್ಸಿನ ಕಪ್ಪು ಬಿಳುಪು ಫೋಟೋ. ಅದರ ಹಿಂದೆಯೇ ಫೋನೂ ಬಂತು.

"ವಸ್ಯಾ, ಹಾಸಿ ಮಂದಿ ಕೂತ್ರ ಅದು ಜಮಖಾನಿ. ಗ್ವಾಡಿಗೆ ತೂಗಹಾಕಿ ಚಂದ ನೋಡ್ತೀನಿ ಅಂದ್ರ ತಿರುಗಿ ಒಯ್ದು ನಿನ್ನ ತಂಗಿಗೆ ಕೊಡ್ತೀನಿ. ಬರೂ ಐತವಾರ ಬಂದು ನೋಡ್ತೀನಿ."

ಸೊಲ್ಲಾಪುರದಲ್ಲಿರುವ ತಂಗಿಗೂ ಅದರ ಮೇಲೆ ಕಣ್ಣಿತ್ತು. ಆದರೆ ಆ ಜಮಖಾನೆ ನನಗೆ ಬೇಕೇ ಬೇಕಿತ್ತು. ಜ್ವರ ಬಂದಾಗ ಮಲಗಿದ್ದು ಅದರ ಮೇಲೆ, ಊಟಕ್ಕೆ ಕೂತದ್ದು ಅದರ ಮೇಲೆ, ಹೊಡೆತ ತಿಂದು ಅತ್ತದ್ದೂ ಅದರ ಮೇಲೆಯೇ. ಅದು ಬೇರೆಯವರ ಮನೆಯಲ್ಲಿರುವುದನ್ನು ನೆನೆಯಲೂ ಆಗುತ್ತಿರಲಿಲ್ಲ. ಅತ್ತೆ ಮೆಚ್ಚಲೇಬೇಕು ಎಂದು ಶುಕ್ರವಾರ ಸಂಜೆಯೇ ರಜೆ ಹಾಕಿ ಕೆಲಸಕ್ಕೆ ಇಳಿದೆ.

"ಹಳೇದೂ ಹೊಸದೂ ಹೊಂದಿಸೂದು ಅಷ್ಟು ಸಸಾರ ಅಲ್ರಿ, ಯಾರನ್ನರ ಕೇಳೋಣು," ಎಂದಳು ಸುಮಿತ್ರಾ. ಯಾರನ್ನು ಕೇಳುವುದು? ಕೇಳಬೇಕಾದವನು ಮನೆಯಲ್ಲೇ ಇರುವಾಗ? ಸೋಫಾ ಇದ್ದರೆ ಜಮಖಾನೆ ಬಿಚ್ಚಿಕೊಳ್ಳುವುದಿಲ್ಲವೆಂದು ಸೋಫಾವನ್ನು ಮಲಗುವ ಕೋಣೆಗೆ ತಳ್ಳಿದೆ. ಗಿಡ ಬಾಲ್ಕನಿಗೆ ಹೋಯಿತು, ಟಿವಿಯ ಮೇಲೆ ಬಿಳಿ ಬಟ್ಟೆ ಬಿತ್ತು. ಬರಿದಾದ ನಡುಮನೆಯಲ್ಲಿ ಜಮಖಾನೆ ಗೋಡೆಯಿಂದ ಗೋಡೆಗೆ ಹರಡಿಕೊಂಡಾಗ ನಾನು ಅದರ ಮೇಲೆ ಒಮ್ಮೆ ಉದ್ದಕ್ಕೆ ಮಲಗಿ ಎದ್ದೆ. ಎದುರಿನ ಬಿಳಿ ಗೋಡೆಯ ಸರಿಯಾಗಿ ನಡುವೆ ಅತ್ತೆಯ ಫೋಟೋ ತೂಗುಹಾಕಿದೆ. ಅದರ ಚೌಕಟ್ಟಿನ ಒಂದು ಮೂಲೆ ಒಡೆದಿತ್ತು. ಕಾರ್ಖಾನೆಯ ಸನ್ಮಾನದಲ್ಲಿ ನನಗೆ ಹಾಕಿದ್ದ ಗಂಧದ ಹಾರವೊಂದು ಕಪಾಟಿನಲ್ಲಿತ್ತು. ಅದನ್ನು ಇಳಿಬಿಟ್ಟೆ, ಮೂಲೆ ಮುಚ್ಚಿಹೋಯಿತು. ಕೆಳಗೆ ಮಣೆ, ಮಣೆಯ ಮೇಲೆ ಸಮೆ. ಹಿತ್ತಾಳೆಗೆ ಬೆಳಕು ಬಿದ್ದರೆ ಹೇಗೆ ಕಾಣುತ್ತದೆ ನೋಡೋಣವೆಂದು ಎಣ್ಣೆ ಬತ್ತಿ ಹಾಕಿ ದೀಪವನ್ನೂ ಹಚ್ಚಿದೆ. ನವಿಲುಗಳು ಹೊಳೆದವು.

ಭಾನುವಾರ ಬೆಳಿಗ್ಗೆ ಸುಮಿತ್ರಾ ಅತ್ತೆಯನ್ನು ಕರೆತರಲು ಸ್ಟೇಶನ್ನಿಗೆ ಹೋದಳು. ಫೋಟೋ, ಹಾರ, ದೀಪ ಎಲ್ಲ ಕೂಡಿದ್ದು ಆಕೆ ಹೋದ ಮೇಲೆ. ಅವಳಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಎರಡು ದಿನದಿಂದ ಗಡ್ಡ ತೆಗೆದಿರಲಿಲ್ಲ. ಮೈಮೇಲೆ ಬಿಳಿ ಪೈಜಾಮ, ಬಿಳಿ ಬನಿಯನ್ನು. ಮಣೆಗೆ ಬಳಿದ ವಾರ್ನಿಷ್ ವಾಸನೆ ಹೋಗಲೆಂದು ಬಾಗಿಲು ಪೂರ್ತಿ ತೆರೆದಿಟ್ಟು, ಗೋಡೆಗೆ ಒರಗಿ, ನನ್ನ ಕೆಲಸವನ್ನು ನಾನೇ ನೋಡುತ್ತ ಕೂತಿದ್ದೆ.

ಎದುರು ಮನೆಯ ಮರಾಠಿ ಹೆಂಗಸು ಸುಲಭಾಕಾಕು ಹಾಲಿನ ಚೀಲ ಎತ್ತಿಕೊಳ್ಳಲು ಬಂದವರು ಒಳಗೆ ನೋಡಿ ನಿಂತುಬಿಟ್ಟರು. ಎದೆಯ ಮೇಲೆ ಕೈ ಇಟ್ಟುಕೊಂಡರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಕಲೆಯ ಮುಂದೆ ಮಾತು ನಿಲ್ಲುತ್ತದೆ ಎಂಬುದು ನನಗೆ ಗೊತ್ತು. ಅವರು ತಿರುಗಿ ಹೋಗಿ, ಅರ್ಧ ತಾಸಿನಲ್ಲಿ ಒಂದು ಡಬ್ಬಿ ಹಿಡಿದುಕೊಂಡು ಬಂದರು. ಕಡಲೆಹಿಟ್ಟಿನ ಬಿಸಿ ಪಿಠಲ, ಜೋಳದ ಭಾಕರಿ. "ಥೋಡಂ ಖಾವೂನ್ ಘ್ಯಾ," ಸ್ವಲ್ಪ ತಿನ್ನಿ, ಎಂದರು. ಹೊಸ ಅಲಂಕಾರಕ್ಕೆ ಮೆಚ್ಚುಗೆಯ ಕಾಣಿಕೆ ಎಂದುಕೊಂಡು ಎರಡು ಭಾಕರಿಯನ್ನು ಅಲ್ಲೇ ಹೊಡೆದೆ. ಚಪ್ಪರಿಸಿದೆ ಕೂಡ. ಕಾಕು ಕಣ್ಣೊರೆಸಿಕೊಂಡರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಇಲ್ಲಿ ನೆರೆಯವರು ಪಿಠಲ ಭಾಕರಿ ತಂದುಕೊಡುತ್ತಾರೆ. ಇಪ್ಪತ್ತೇಳು ವರ್ಷದಿಂದ ಪುಣೆಯಲ್ಲಿದ್ದೇನೆ, ನನಗೆ ಇದು ಗೊತ್ತಿತ್ತು. ಆದರೆ ಗೊತ್ತಿರುವುದೆಲ್ಲ ಬೇಕಾದ ಹೊತ್ತಿಗೆ ನೆನಪಾಗುವಂತಿದ್ದರೆ ನಾನು ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರಬೇಕಿತ್ತು.

ಆಮೇಲೆ ಜನ ಬರತೊಡಗಿದರು. ಮೇಲಿನ ಮಹಡಿಯ ಮೂವರು, ಪಕ್ಕದ ಕಟ್ಟಡದ ಇಬ್ಬರು ಹೆಂಗಸರು, ಕೊನೆಗೆ ಮುಖ್ಯ ರಸ್ತೆಯಲ್ಲಿ ಹೋಟೆಲು ನಡೆಸುವ ಕುಂದಾಪುರದ ಪದ್ಮನಾಭ ಶೆಟ್ಟರು. ಎಲ್ಲರೂ ಸದ್ದಿಲ್ಲದೆ ಚಪ್ಪಲಿ ಬಿಟ್ಟು, ಫೋಟೋಕ್ಕೆ ಕೈ ಮುಗಿದು, ಜಮಖಾನೆಯ ಮೇಲೆ ಕೂತರು. ಕಾಕು ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದ್ದಾರೆಂದು ತಿಳಿಯಿತು. ಅವರ ಸೌಂದರ್ಯಪ್ರಜ್ಞೆಯ ಬಗ್ಗೆ ನನ್ನ ಗೌರವ ಇನ್ನೂ ಹೆಚ್ಚಿತು.

ಶೆಟ್ಟರು ನನ್ನ ಭುಜ ಹಿಡಿದರು. "ಎಂತ ಮಾಡುವುದು ಮಾರಾಯ್ರೆ. ನೀವು ಧೈರ್ಯ ತಕೊಳ್ಬೇಕು."

"ಧೈರ್ಯ ಇಲ್ಲದ ಇಂಥಾ ಕೆಲಸಕ್ಕ ಕೈ ಹಾಕ್ತಿದ್ದೆ ಏನ್ರಿ ಶೆಟ್ಟರ?" ಎಂದೆ. "ಒಬ್ಬನ ಮಾಡಿದೆ, ನೋಡ್ರಿ. ಯಾರ ಸಹಾಯಾನೂ ತೊಗೊಳ್ಳಿಲ್ಲ."

"ಒಬ್ಬರೇಯಾ?" ಶೆಟ್ಟರ ಕಣ್ಣು ದೊಡ್ಡದಾಯಿತು. "ಅಯ್ಯೋ ದೇವರೇ, ಒಂದು ಮಾತು ನಮಗೆ ಹೇಳ್ಬಾರ್ದಾ?"

ಚಹಾ ಮಾಡಲೇ ಎಂದು ಕೇಳಿದೆ. ಬೇಡವೇ ಬೇಡ ಎಂದು ಎಲ್ಲರೂ ಕೈಯಾಡಿಸಿದರು. ಮೇಲಿನ ಮಹಡಿಯವರು ಎದ್ದು ಹೊರಟಾಗ "ಬರ್ತೀವಿ" ಎಂದೂ ಹೇಳಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ. ಪುಣೆಯವರು ಮಾತಿನಲ್ಲಿ ಬಿಗಿ, ಇರಲಿ ಎಂದು ಕ್ಷಮಿಸಿದೆ. ಚಹಾ ಕುಡಿಯದೆ, ಹೋಗಿಬರುತ್ತೇನೆ ಎನ್ನದೆ ಏಳುವುದು ಎಂಥ ಮನೆಯಿಂದ ಎಂದು ನಮ್ಮ ಕಡೆಯ ಮೂರು ವರ್ಷದ ಕೂಸಿಗೂ ಗೊತ್ತು.

ಆಗ ಕಾಕು ಫೋಟೋ ನೋಡುತ್ತ, ಇವರು ನಿಮಗೆ ಏನಾಗಬೇಕು ಎಂದು ಮರಾಠಿಯಲ್ಲಿ ಕೇಳಿದರು. ಆತ್ಯಾ, ತಂದೆಯ ಅಕ್ಕ, ನನ್ನನ್ನು ಬೆಳೆಸಿದವರು ಎಂದೆ. ಕಾಕುವಿನ ದನಿ ಮೆತ್ತಗಾಯಿತು. "ಕಶಾ ಹೋತ್ಯಾ ಹೋ?" ಹೇಗಿದ್ದರು ಅವರು?

ನಾನು ಗಂಟಲು ಸರಿಮಾಡಿಕೊಂಡೆ. ಅಪ್ಪಟ ಸಾಗವಾನಿ ಚೌಕಟ್ಟು, ಈಗ ಇಂಥದು ಸಿಗುವುದಿಲ್ಲ ಎಂದು ಶುರು ಮಾಡಿದೆ. ಮೂಲೆಯೊಂದು ಒಡೆದಿದೆ, ಹಾರ ಹಾಕಿ ಮುಚ್ಚಿದ್ದೇನೆ. ಎಡದಿಂದ ಬೆಳಕು ಬಿದ್ದರೆ ಕಳೆ ಬರುತ್ತದೆ. ಬಿಳಿ ಗೋಡೆ ಇಲ್ಲದಿದ್ದರೆ ಈ ಫೋಟೋ ಏಳುತ್ತಲೇ ಇರಲಿಲ್ಲ. ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ದುಃಖ ತಲೆಗೇರಿದೆ ಎಂದುಕೊಂಡರಂತೆ, ಆಮೇಲೆ ಶೆಟ್ಟರೇ ಹೇಳಿದರು.

ಬಾಗಿಲಿನಿಂದ ಸುಮಿತ್ರಾಳ ದನಿ ಬಂತು. "ಅಯ್ಯ, ಇಷ್ಟ್ಯಾಕ ಚಪ್ಪಲಿ ಅದಾವ?" ಅವಳ ಪಕ್ಕದಲ್ಲಿ, ಕೈಚೀಲ ಹಿಡಿದು, ಅಂಬಕ್ಕತ್ತೆ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ. ಬೆಳಗಾವಿಯಲ್ಲಿ ಓದಿದವರು, ಮರಾಠಿ ಪೂರಾ ಬರುತ್ತದೆ. ಅವರು ಜಮಖಾನೆ ನೋಡಿದರು, ಕೂತ ಜನರನ್ನು ನೋಡಿದರು, ಹಾರ ಹಾಕಿದ ತಮ್ಮನ್ನು ತಾವೇ ನೋಡಿದರು, ದೀಪ ನೋಡಿದರು, ನನ್ನ ಗಡ್ಡ ನೋಡಿದರು.

"ಯಾಕೋ ವಸ್ಯಾ," ಎಂದರು ಶಾಂತವಾಗಿ, "ನಾ ಯಾವಾಗ ಸತ್ತೆ?"

ನನ್ನ ಕಣ್ಣಿಗೆ ಎಲ್ಲವೂ ಒಮ್ಮೆಲೇ ಕಂಡಿತು. ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಎನ್ನಿಸಿತು. ನಾಲ್ಕನೇ ಮಹಡಿಯಲ್ಲಿ ನೆಲ ಬಾಯಿ ಬಿಟ್ಟರೂ ಕೆಳಗಿನವರ ಸೋಫಾದ ಮೇಲೆ ಬೀಳುತ್ತಿದ್ದೆ. ಸುಮಿತ್ರಾ ಹಣೆ ಹಣೆ ಬಡಿದುಕೊಂಡಳು. ಕಾಕು ಎದ್ದು ನಿಂತು, ಫೋಟೋವನ್ನೊಮ್ಮೆ ಅತ್ತೆಯನ್ನೊಮ್ಮೆ ನೋಡಿ, ಕೂಗಿಕೊಳ್ಳುವುದೋ ನಗುವುದೋ ತಿಳಿಯದೆ ಅತ್ತೆಯ ಕಾಲಿಗೆ ಬಿದ್ದರು. ಅತ್ತೆ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬಂದು ತಮ್ಮ ಫೋಟೋದ ಕೆಳಗೇ ಕಾಲು ಮಡಚಿ ಕೂತರು.

"ಕೂಡ್ರಿ, ಕೂಡ್ರಿ, ಯಾರೂ ಏಳಬ್ಯಾಡ್ರಿ. ಇಷ್ಟು ಮಂದಿ ಬಂದೀರಿ. ಎಲ್ಲಾರಿಗೂ ಈ ಯೋಗ ಸಿಗಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಈಕಿ ಗುರುತಿಲ್ಲಾ ಪರಿಚಯಿಲ್ಲಾ, ನನಗ ಕಣ್ಣೀರು ಹಾಕ್ಯಾಳ. ನಾ ಹೆಂಗಿದ್ದೆ ಅಂತ ಕೇಳಿದ್ಲು. ನೀ ಚೌಕಟ್ಟು ಹೆಂಗದ ಅಂತ ಹೇಳಿದಿ."

ನಗುತ್ತಲೇ ಅಂದರು. ಆದರೂ ಅದು ನನಗೆ ನಾಟಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಈಗಲಾದರೂ ಹೇಳಬೇಕೆಂದು, ಬನಿಯನ್ನಿನಲ್ಲೇ ಮೊಣಕಾಲೂರಿ ಕೂತು ಹೇಳಿದೆ: ಏಳನೇ ಇಯತ್ತೆಯಲ್ಲಿ ಗಣಿತದಲ್ಲಿ ನಪಾಸಾಗಿ ಬಂದಾಗ ಅತ್ತೆ ಬೈಯಲಿಲ್ಲ. ಈ ಜಮಖಾನೆಯ ಮೇಲೆ ಕೂರಿಸಿ, ಅಂಚಿನ ನವಿಲುಗಳನ್ನು ಎಣಿಸು, ಸಾಲಿಗೆಷ್ಟು, ನಾಲ್ಕು ಬದಿಗೆಷ್ಟು ಎಂದು ಕೇಳುತ್ತ ಸಂಜೆಯೊಳಗೆ ಮಗ್ಗಿ ಕಲಿಸಿದರು. ನಾನು ಒಂದೂ ಬಿಡದೆ ಎಣಿಸಿದೆ. ಇವತ್ತು ನನ್ನ ಅನ್ನ ನಡೆಯುತ್ತಿರುವುದು ಆ ಲೆಕ್ಕದಿಂದಲೇ. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಶೆಟ್ಟರೂ ಕಣ್ಣೊರೆಸಿಕೊಂಡರು.

"ಸುಳ್ಳು," ಎಂದರು ಅತ್ತೆ. "ಹನ್ನೊಂದನೇ ನವಿಲಿಗೆ ನಿದ್ದಿ ಹೊಡದಿ. ಎಣಿಸಿದಾಕಿ ನಿನ್ನ ತಂಗಿ."

ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಚಹಾ ಬೇಡವೆಂದವರೆಲ್ಲ ಎರಡೆರಡು ಸಲ ಕುಡಿದರು. ಮಧ್ಯಾಹ್ನದವರೆಗೆ ಆ ಜಮಖಾನೆಯಿಂದ ಯಾರೂ ಏಳಲಿಲ್ಲ. ಮೂರು ದಿನ ಇದ್ದು ಅತ್ತೆ ಹೊರಟಾಗ ಫೋಟೋವನ್ನು ಚೀಲಕ್ಕೆ ಹಾಕಿಕೊಂಡರು, ಜಮಖಾನೆಯನ್ನು ಬಿಟ್ಟರು. "ಮಂದಿ ಕೂತ್ರು. ಹೆಂಗರ ಯಾಕ ಕೂಡವಲ್ರು, ಕೂತ್ರು. ಇದು ನಿಂದ." ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. "ನಾ ಖರೇನ ಹೋದಾಗ ಮಾತ್ರ ಆ ನವಿಲಿನ ಸುಳ್ಳು ಹೇಳಬ್ಯಾಡ. ಚಲೋ ಏನರ ತಯಾರ ಮಾಡ್ಕೋ. ನನಗೇನ್ ಅವಸರಿಲ್ಲ."

ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದವನು ಈಗ ಪ್ರತಿ ಭಾನುವಾರ ಮಾಡುತ್ತೇನೆ. ಅವರ ಬಾಲ್ಯ, ಶಾಲೆ, ಅವರು ಬಿಟ್ಟುಕೊಟ್ಟ ಮಾಸ್ತರಿಕೆ ಕೆಲಸ, ನನಗೆ ಏನೇನೂ ಗೊತ್ತಿರದಿದ್ದ ಸಂಗತಿಗಳನ್ನು ಕೇಳಿ ಬರೆದುಕೊಳ್ಳುತ್ತೇನೆ. ಬರೆದದ್ದನ್ನು ಓದಿ ಹೇಳುತ್ತೇನೆ, ಅವರು ತಪ್ಪು ತೆಗೆಯುತ್ತಾರೆ. ಈ ಪ್ರಬಂಧವನ್ನೂ ಮೊನ್ನೆ ಫೋನಿನಲ್ಲಿ ಪೂರ್ತಿ ಓದಿದೆ. ಆ ಕಡೆ ಮೂಗು ಒರೆಸಿಕೊಂಡ ಸದ್ದು ಬಂತು. ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ.

"ಬರದಿ, ಚಲೋನ ಬರದಿ," ಎಂದರು ಅತ್ತೆ. "ಆದ್ರ ಮೊದಲಿನಿಂದ ಕಡೀತನಕ ನಿನ್ನ ಸುದ್ದಿನ ಅದ. ಇದರಾಗ ಸತ್ತಾಕಿ ನಾನೋ, ಸತ್ತಾಂವ ನೀನೋ?"