ಅರ್ಧ ಸಿನಿಮಾಕ್ಕೆ ಪೂರ್ಣ ವಿಮರ್ಶೆ

ಸಿನಿಮಾ ವಿಮರ್ಶೆಯಲ್ಲಿ ನನ್ನನ್ನು ಮೀರಿಸುವವರು ಇಂಡಿ ತಾಲ್ಲೂಕಿನಲ್ಲೇ ಇಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಕನ್ನಡ ಮಾಸ್ತರನಾಗಿ ಜೀವನವಿಡೀ ಉತ್ತರಪತ್ರಿಕೆಗಳಲ್ಲಿ ತಪ್ಪು ಹುಡುಕಿದವನಿಗೆ ಸಿನಿಮಾ ಯಾವ ಲೆಕ್ಕ! ಹೊರ್ತಿಯ ಪಿ.ಟಿ. ಮಾಸ್ತರರು, ಖೋಖೋ ಆಡುವ ಹುಡುಗಿಯರ ಸಿನಿಮಾ ತೋರಿಸುತ್ತೇವೆ, ಅದರ ಗುಣದೋಷ ಹೇಳಲು ಬನ್ನಿ ಎಂದಾಗ ತಕ್ಷಣ ಅಂಗಿಗೆ ಇಸ್ತ್ರಿ ಹಾಕಿದೆ.

ಅಲ್ಲಿಗೆ ಹೋದ ಮೇಲೆ ಕಿವಿಯಲ್ಲಿ ಅಸಲು ವಿಷಯ ಹೇಳಿದರು. ಅವರ ತಂಡದ ಸಾವಿತ್ರಿ ಕ್ರೀಡಾ ವಸತಿಶಾಲೆಗೆ ಆಯ್ಕೆಯಾಗಿದ್ದಾಳೆ. ಅಪ್ಪ ಮಲ್ಲಪ್ಪ ಅರ್ಜಿಗೆ ಸಹಿ ಹಾಕುತ್ತಿಲ್ಲ. ನಾಳೆಯೇ ಕೊನೆಯ ದಿನ. ಸಿನಿಮಾದಲ್ಲೂ ಅಂಥವನೇ ಒಬ್ಬ ಅಪ್ಪನಿದ್ದಾನೆ, ಅವನ ನೆಪದಲ್ಲಿ ನಾಲ್ಕು ಮಾತು ಹೇಳಿದರೆ ಮಲ್ಲಪ್ಪ ಕರಗಬಹುದು. ಹುಡುಗಿಯ ಭವಿಷ್ಯ ನನ್ನ ನಾಲಿಗೆಯ ಮೇಲೆ!

ಮೊದಲರ್ಧ ಶ್ರದ್ಧೆಯಿಂದ ನೋಡಿದೆ. ಮಧ್ಯಂತರದಲ್ಲಿ, ಅತಿಥಿಯನ್ನು ಹಸಿದ ಹೊಟ್ಟೆಯಲ್ಲಿ ಭಾಷಣಕ್ಕೆ ನಿಲ್ಲಿಸಿದರೆ ಊರ ಮಾನ ಹೋಗುತ್ತದೆಂದು ಪಕ್ಕದ ಮನೆಗೆ ಎಳೆದೊಯ್ದರು. ಕಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ಬೇಡವೆಂದು ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ತುಪ್ಪ ಸುರಿದರು. ನಾಲ್ಕನೆಯ ಹೋಳಿಗೆಗೆ ನಾನೂ ಕೈ ಅಡ್ಡ ಹಿಡಿಯುವುದನ್ನು ಬಿಟ್ಟೆ. ಮರಳಿ ಬಂದಾಗ ತೆರೆಯ ಮೇಲೆ ಬರೀ ಹೆಸರುಗಳು ಓಡುತ್ತಿದ್ದವು! ಮೈಕು ನೇರ ನನ್ನ ಕೈಗೆ ಬಂತು.

ನಿಜ ಹೇಳುವ ಧೈರ್ಯವಾಗಲಿಲ್ಲ. ಓಟದ ದೃಶ್ಯಗಳು ಅದ್ಭುತ, ಹುಡುಗಿಯರ ಮೊಣಕಾಲಿನ ಗಾಯವೂ ಅಭಿನಯಿಸಿದೆ ಎಂದೆ. ಚಪ್ಪಾಳೆ ಬಿತ್ತು. ತರಬೇತುದಾರನ ಉಪದೇಶ ಅತಿಯಾಯಿತು, ಅದೇ ದೋಷ ಎಂದೆ. ಪಿ.ಟಿ. ಮಾಸ್ತರರನ್ನು ಬಿಟ್ಟು ಎಲ್ಲರೂ ನಕ್ಕರು. ಅಲ್ಲಿಗೆ ಕೂತಿದ್ದರೆ ಬದುಕುತ್ತಿದ್ದೆ. ಹುರುಪಿನಲ್ಲಿ ಬಂದ ಕೆಲಸವನ್ನೇ ಮರೆತು ಮುಂದುವರಿದೆ: "ಚಿತ್ರದ ದೊಡ್ಡ ಶಕ್ತಿ ಆ ತಂದೆಯ ಪಾತ್ರ. ಮಗಳನ್ನು ಕಳಿಸುವುದಿಲ್ಲ ಎಂದ ಮಾತಿಗೆ ಕೊನೆಯವರೆಗೂ ಗಟ್ಟಿಯಾಗಿ ನಿಲ್ಲುತ್ತಾನೆ!"

ಪಿ.ಟಿ. ಮಾಸ್ತರರು ತಲೆಯ ಮೇಲೆ ಕೈ ಹೊತ್ತರು. ಸಾವಿತ್ರಿ ಮುಖ ಕೆಳಗೆ ಹಾಕಿದಳು. ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

ಹಿಂದಿನಿಂದ ಮಲ್ಲಪ್ಪ ಎದ್ದ.

"ಸರ್, ನೀವು ಪೂರಾ ನೋಡಿಲ್ಲ ಕಾಣತೈತ್ರಿ. ಕಡೀಕ ಅವ ಬಸ್‌ಸ್ಟ್ಯಾಂಡಿಗೆ ಓಡಿ ಬಂದು ಮಗಳ ಕೈಯಾಗ ಬೂಟು ಕೊಡ್ತಾನ್ರಿ. ಅವ ಕೆಟ್ಟವ ಅಲ್ರಿ. ಮಗಳು ಹೋದ್ರ ಮನಿ ಬಿಕೋ ಅಂತೈತಿ ಅಂತ ಅಂಜಿದ್ದ, ಅಷ್ಟ. ಅಪ್ಪ ಅಂಜ್ತಾನಂತ ಮಗಳ ಕಾಲು ಕಟ್ಟಿ ಹಾಕೂದು ತಪ್ಪಲ್ಲೇನ್ರೀ..."

ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು ಪಿ.ಟಿ. ಮಾಸ್ತರರ ಕಡೆ ತಿರುಗಿದ. "ಕೊಡ್ರಿ ಆ ಕಾಗದ."

ಸಾವಿತ್ರಿ ಓಡಿ ಬಂದು ಅಪ್ಪನನ್ನು ತಬ್ಬಿಕೊಂಡಳು. ನನ್ನ ಕಣ್ಣೂ ತುಂಬಿತು, ಅರ್ಧ ಸಂತೋಷದಿಂದ, ಅರ್ಧ ನಾಚಿಕೆಯಿಂದ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನಕ್ಕು ನಕ್ಕು ಸುಸ್ತಾಗುವಷ್ಟರಲ್ಲಿ ಬಸವನ ಬಾಗೇವಾಡಿಯಿಂದ ಇನ್ನೊಬ್ಬ ಪಿ.ಟಿ. ಮಾಸ್ತರರ ಫೋನು ಬಂತು. ಹೊರ್ತಿಯ ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು. ತಮ್ಮಲ್ಲೂ ಒಬ್ಬ ಅಪ್ಪ ಒಪ್ಪುತ್ತಿಲ್ಲ, ಇದೇ ಸಿನಿಮಾ ಇಟ್ಟಿದ್ದೇವೆ, ಭಾಷಣಕ್ಕೆ ನೀವೇ ಆಗಬೇಕು ಎಂದರು. ಮತ್ತೆ ಎದೆ ಉಬ್ಬಿತು. ಈ ಸಲ ಪೂರ್ತಿ ನೋಡಿಯೇ ಮಾತಾಡುತ್ತೇನೆ ಎಂದೆ.

"ಅದೊಂದು ಮಾಡಬ್ಯಾಡ್ರಿ ಸರ್," ಎಂದರು ಅವರು. "ನೀವು ಸೀದಾ ಊಟಕ್ಕ ಬರ್ರಿ."